ಮಾಡದ ಕರ್ಮದ ಫಲ

ಕರ್ಮದ ವಿಚಾರದಲ್ಲಿ ಭಾರತೀಯ ದರ್ಶನಗಳು ಎಷ್ಟೇ ಭಿನ್ನವಾಗಿದ್ದರೂ ಎರಡು ದೋಷಗಳನ್ನು ಸಹಿಸದಿರುವುದರಲ್ಲಿ ಬಹುಮಟ್ಟಿಗೆ ಒಂದಾಗಿವೆ: ಮಾಡಿದ ಕರ್ಮ ಫಲ ಕೊಡದೆ ಅಳಿದುಹೋಗುವುದು ಕೃತನಾಶ, ಮಾಡದ ಕರ್ಮದ ಫಲ ಬಂದು ಮೇಲೆ ಬೀಳುವುದು ಅಕೃತಾಭ್ಯಾಗಮ. ಎದುರಾಳಿಯ ಸಿದ್ಧಾಂತವನ್ನು ಒಪ್ಪಿದರೆ ಇವುಗಳಲ್ಲೊಂದನ್ನು ಒಪ್ಪಬೇಕಾಗುತ್ತದೆಂದು ತೋರಿಸುವುದು ತಾರ್ಕಿಕರ ಬಲವಾದ ಅಸ್ತ್ರವಾಗಿತ್ತು; ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಲ್ಲಿ ಜನಸಾಮಾನ್ಯರೂ ಅದೇ ನಿಲುವನ್ನು ಕಾಪಾಡಿಕೊಂಡು ಬಂದಿದ್ದಾರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಈ ನಂಬಿಕೆಯನ್ನು ಮತ್ತೆ ಪರೀಕ್ಷೆಗೆ ಒಡ್ಡಿವೆ, ಏಕೆಂದರೆ ಅಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಉಣ್ಣುವುದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಒಬ್ಬರ ಕರ್ಮದ ಫಲ ಇನ್ನೊಬ್ಬರಿಗೆ ದಾಟೀತೇ ಎಂಬ ಈ ಪ್ರಶ್ನೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಹರೂರು ಸೀಮೆಗೆ ಹೊರಗಿನದಲ್ಲ. ಇಂದಿನ ಧರ್ಮಪುರಿ ನೊಳಂಬರ ಕಾಲದಲ್ಲಿ ತಗಡೂರಾಗಿತ್ತು. ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬ ಸೋದರರು ಅಲ್ಲಿ ಬಸದಿ ಕಟ್ಟಿಸಿದುದನ್ನೂ, ಮಹೇಂದ್ರ ನೊಳಂಬನಿಂದ ದೊರೆತ ಊರನ್ನು ನಿಧಿಯಣ್ಣನು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುಕೊಟ್ಟುದನ್ನೂ ಕ್ರಿ.ಶ. 893ರ ಕನ್ನಡ ಶಾಸನವೊಂದು ಹೇಳುತ್ತದೆ. ಆ ಬಸದಿಯ ಗುರುಗಳು ಬೋಧಿಸಿದ ಜೈನದರ್ಶನದಲ್ಲಿ ಪ್ರತಿಯೊಂದು ಜೀವವೂ ತನ್ನ ಕರ್ಮವನ್ನು ತಾನೇ ಕಟ್ಟಿಕೊಂಡು ತಾನೇ ಕಳೆದುಕೊಳ್ಳಬೇಕಾದುದರಿಂದ, ಅದನ್ನು ಇನ್ನೊಬ್ಬರಿಗೆ ಕೊಡುವುದಾಗಲಿ ಇನ್ನೊಬ್ಬರಿಂದ ಪಡೆಯುವುದಾಗಲಿ ಸಾಧ್ಯವಿಲ್ಲ.

ಬ್ಯಾಕ್ಟೀರಿಯದ ರಚನೆಯನ್ನು ತಿಳಿಯದೆ ಮುಂದಿನ ಮಾತು ನಿಲ್ಲುವುದಿಲ್ಲ. ಅದು ಒಂದೇ ಕೋಶದ ಜೀವಿ. ಮನುಷ್ಯನ ಜೀವಕೋಶದಲ್ಲಿರುವಂತಹ, ಪೊರೆಯಿಂದ ಸುತ್ತುವರಿದ ಕೋಶಕೇಂದ್ರ ಅದಕ್ಕಿಲ್ಲ, ಅನುವಂಶಿಕ ಸೂಚನೆಗಳನ್ನು ಹೊತ್ತ ಡಿಎನ್‌ಎ ಎಳೆ ಸಾಮಾನ್ಯವಾಗಿ ಉಂಗುರದಂತೆ ಬೆಸೆದುಕೊಂಡು ಕೋಶರಸದಲ್ಲೇ ಇರುತ್ತದೆ. ಒಳಗಿನ ಒತ್ತಡಕ್ಕೆ ಕೋಶ ಒಡೆಯದಂತೆ ತಡೆಯುವುದು ಹೊರಗಿನ ಕೋಶಭಿತ್ತಿ, ಅಂದರೆ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಸರಪಳಿಗಳನ್ನು ಅಡ್ಡಡ್ಡಲಾಗಿ ಹೆಣೆದ ಗಟ್ಟಿ ಬಲೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್ ಈ ಹೆಣಿಗೆಯನ್ನು ಪೂರ್ಣಗೊಳಿಸುವ ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುವುದರಿಂದ ಬೆಳೆಯುತ್ತಿರುವ ಬ್ಯಾಕ್ಟೀರಿಯ ಸಿಡಿದು ಸಾಯುತ್ತದೆ. ಮನುಷ್ಯನ ಕೋಶಗಳಿಗೆ ಅಂತಹ ಭಿತ್ತಿಯೇ ಇಲ್ಲದಿರುವುದರಿಂದ ರೋಗಿ ಉಳಿಯುತ್ತಾನೆ.

ಆದರೆ ಪೆನಿಸಿಲಿನ್ನಿನಂತಹ ಔಷಧವನ್ನು ಮುರಿದುಹಾಕುವ ಕಿಣ್ವಗಳನ್ನು ತಯಾರಿಸಬಲ್ಲ ಬ್ಯಾಕ್ಟೀರಿಯಗಳಿವೆ. ಆ ಕಿಣ್ವದ ಸೂಚನೆಯನ್ನು ಹೊತ್ತ ವಂಶವಾಹಿ, ಅಂದರೆ ಜೀನ್, ಅನೇಕ ಸಲ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದ ಮೇಲಿರುತ್ತದೆ. ತಾಯಿಕೋಶದಿಂದ ಮರಿಕೋಶಕ್ಕೆ ಮಾತ್ರವಲ್ಲದೆ ಪಕ್ಕದ ಕೋಶಕ್ಕೂ, ಎಷ್ಟೋ ಸಲ ಬೇರೆ ಜಾತಿಯ ಕೋಶಕ್ಕೂ, ಈ ಉಂಗುರದ ಪ್ರತಿ ದಾಟಬಲ್ಲದು. ಹಾಗೆ ಎರಡು ಬ್ಯಾಕ್ಟೀರಿಯಗಳು ಕೂಡಿ ಗುಣವನ್ನು ಹಂಚಿಕೊಳ್ಳುತ್ತವೆಂಬುದನ್ನು ವಿಜ್ಞಾನಿಗಳಾದ ಲೆಡರ್‌ಬರ್ಗ್ ಮತ್ತು ಟೇಟಮ್ 1946ರಲ್ಲಿ ತೋರಿಸಿದರು. ಸತ್ತ ಕೋಶ ಚೆಲ್ಲಿದ ಡಿಎನ್‌ಎಯನ್ನು ಹೀರಿಕೊಳ್ಳುವುದು, ವೈರಸ್ಸುಗಳ ಮೂಲಕ ಪಡೆಯುವುದು ಇನ್ನುಳಿದ ದಾರಿಗಳು. ಔಷಧವನ್ನು ಎಂದೂ ಕಾಣದ ಬ್ಯಾಕ್ಟೀರಿಯವೂ ಹೀಗೆ ಔಷಧವನ್ನು ಗೆಲ್ಲುವ ಗುಣವನ್ನು ಪಡೆಯುತ್ತದೆ.

ಅನಂತ ಜೀವಗಳು ಒಂದೇ ಶರೀರದಲ್ಲಿ ಕೂಡಿ ಆಹಾರ ಕೊಳ್ಳುತ್ತವೆ, ಕೂಡಿ ಉಸಿರಾಡುತ್ತವೆ ಎಂದು ಜೈನಾಗಮಗಳು ವರ್ಣಿಸುವ ನಿಗೋದ ಜೀವಗಳು ಬ್ಯಾಕ್ಟೀರಿಯಗಳೇ ಎಂದು ಸಾಧಿಸುವ ಉತ್ಸಾಹ ಅಲ್ಲಲ್ಲಿ ಕಾಣುತ್ತದೆ. ಅದು ಸಲ್ಲದು; ಸೂಕ್ಷ್ಮದರ್ಶಕದ ಸಾಕ್ಷ್ಯವನ್ನು ಬೇಡದೆಯೇ ಆ ಕಲ್ಪನೆ ತನ್ನ ನೆಲೆಯಲ್ಲಿ ಗಂಭೀರವಾದುದು, ಮತ್ತು ನಿಗೋದದಲ್ಲಿಯೂ ಶರೀರ ಹಂಚಿಕೆಯಾಗುತ್ತದೆಯೇ ಹೊರತು ಕರ್ಮ ಹಂಚಿಕೆಯಾಗುವುದಿಲ್ಲ.

ವಂಶವಾಹಿಗಳ ಹಂಚಿಕೆಯ ಮಾತು ಹರೂರಿನ ಹೊಳೆಗೂ ತಾಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ನದಿ ಬೆಂಗಳೂರಿನ ಕೊಳಚೆಯ ಒಂದು ಪಾಲನ್ನು ಹೊತ್ತು, ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯೆದ್ದು, ಕೃಷ್ಣಗಿರಿಯನ್ನು ದಾಟಿ ತೆನ್‌ಪೆಣ್ಣೈಯಾಗಿ ಹರೂರಿನ ಕಡೆಗೆ ಬರುತ್ತದೆ. ತೀರ್ಥಮಲೆಯ ಶಿವನನ್ನು ಕಾಣಹೋಗುವ ಯಾತ್ರಿಕರು ಮೊದಲು ಮೀಯುವ ಹನುಮತೀರ್ಥ ಇದರ ದಡದಲ್ಲಿದೆ. ಆಸ್ಪತ್ರೆ, ಮನೆ, ಕೊಟ್ಟಿಗೆಗಳ ಬ್ಯಾಕ್ಟೀರಿಯಗಳೂ ದೇಹದಲ್ಲಿ ಕರಗದೆ ಹೊರಬಿದ್ದ ಔಷಧದ ಅಂಶವೂ ಒಟ್ಟಿಗೆ ಸೇರುವ ಕೊಳಚೆನೀರು ವಂಶವಾಹಿಗಳ ವಿನಿಮಯಕ್ಕೆ ಹೇಳಿ ಮಾಡಿಸಿದ ತಾಣ. ಪಾಪ ಕಳೆಯಲೆಂದು ಹೊಳೆಗಿಳಿದವನು ಮೇಲಿನ ಊರಿನವರ ಅಜಾಗರೂಕತೆಯ ಫಲವನ್ನು ಹೊತ್ತು ಮೇಲೇಳುವ ಸಂಭವವನ್ನು ಯಾವ ಕರ್ಮಸಿದ್ಧಾಂತ ವಿವರಿಸೀತು?

ಅವನ ಹಿಂದಿನ ಜನ್ಮದ ಕರ್ಮವೇ ಹಾಗಿತ್ತು ಎನ್ನುವುದು ಸುಲಭದ ಉತ್ತರ, ಆದರೆ ನೊಂದವನನ್ನೇ ಅಪರಾಧಿಯನ್ನಾಗಿಸುವ ಕ್ರೂರ ಉತ್ತರ. ಜೈನದರ್ಶನದಲ್ಲಿಯೇ ಇದಕ್ಕಿಂತ ಉತ್ತಮವಾದುದಿದೆ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಪ್ರಯತ್ನ ಇವುಗಳಲ್ಲಿ ಯಾವುದೋ ಒಂದನ್ನೇ ಎಲ್ಲಕ್ಕೂ ಕಾರಣವೆಂದು ಹಿಡಿಯುವುದು ಮಿಥ್ಯಾತ್ವ ಎಂದು ಸಿದ್ಧಸೇನ ದಿವಾಕರರು ಸನ್ಮತಿತರ್ಕದಲ್ಲಿ ನಿರೂಪಿಸಿದ್ದಾರೆ. ರೋಗಿಯ ನೋವಿಗೆ ಬ್ಯಾಕ್ಟೀರಿಯದ ಸ್ವಭಾವವೂ ಅನ್ಯರ ಪ್ರಯತ್ನವೂ ಕಾರಣವಾಗಬಹುದೆಂದು ಒಪ್ಪಿದರೆ, ಹಾನಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆಂಬ ಸತ್ಯವನ್ನೂ, ಕರ್ಮದ ಬಂಧ ಮಾತ್ರ ಮಾಡಿದವನಲ್ಲೇ ಉಳಿಯುತ್ತದೆಂಬ ಸಿದ್ಧಾಂತವನ್ನೂ ಒಟ್ಟಿಗೆ ಹಿಡಿಯಬಹುದು. ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಜೈನಾಚಾರ್ಯರು ಮೊದಲ ಸ್ಥಾನ ಕೊಟ್ಟದ್ದು ಇಲ್ಲಿ ಅರ್ಥಪೂರ್ಣವಾಗುತ್ತದೆ: ವೈದ್ಯರ ಚೀಟಿಯಿಲ್ಲದೆ ಇಂತಹ ಔಷಧದ ಮಾತ್ರೆ ನುಂಗಿ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನೇ ಉಳಿಸಿ ಬೆಳೆಸುವವನಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರುವುದಿಲ್ಲ, ಆದರೂ ಅವನು ಹಿಂಸೆಯಿಂದ ಹೊರಗುಳಿಯುವುದಿಲ್ಲ.

ಅದೇ ದರ್ಶನದಲ್ಲಿ ಹಿಂಸೆ ಮೂರು ಬಗೆ: ತಾನು ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದುದಕ್ಕೆ ಒಪ್ಪಿಗೆಯಿತ್ತದ್ದು ಅನುಮತ. ಈ ಮೂರನ್ನೂ ಕೋಳಿಸಾಕಣೆಯಲ್ಲಿ ಕಾಣಬಹುದು. ತಮಿಳುನಾಡಿನ ನಾಮಕ್ಕಲ್ ದೇಶದ ದೊಡ್ಡ ಕೋಳಿಮೊಟ್ಟೆ ಕೇಂದ್ರಗಳಲ್ಲೊಂದು. ಬೇರೆ ಔಷಧಗಳೆಲ್ಲ ಸೋತಾಗ ಮನುಷ್ಯರಿಗೆ ಕೊಡುವ ಕೊಲಿಸ್ಟಿನ್ ಅನ್ನು ಕೋಳಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಬೆರೆಸುವ ರೂಢಿ ದೇಶದಲ್ಲಿತ್ತು. ಅದನ್ನು ಸೋಲಿಸುವ ವಂಶವಾಹಿ ಪ್ಲಾಸ್ಮಿಡ್ಡಿನ ಮೇಲೇರಿ ಸಂಚರಿಸುತ್ತಿದೆಯೆಂದು 2015ರಲ್ಲಿ ಚೀನಾದಿಂದ ವರದಿಯಾದ ಮೇಲೆ, 2019ರ ಜುಲೈನಲ್ಲಿ ಭಾರತ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗಾಗಿ ಅದರ ತಯಾರಿಕೆ, ಮಾರಾಟ, ವಿತರಣೆಗಳನ್ನು ನಿಷೇಧಿಸಿತು. ಮೇವಿಗೆ ಬೆರೆಸಿದವನದು ಕೃತವಾದರೆ, ಬೆರೆಸಲೆಂದೇ ಮಾರಿದವನದು ಕಾರಿತ. ಅಗ್ಗವಾಗಿ ದೊರೆಯಿತೆಂದು ಅಂತಹ ಕೋಳಿಯನ್ನು ತಿಳಿದೂ ಕೊಂಡವನದು, ಅವನು ಬೆಂಗಳೂರಿನಲ್ಲಿರಲಿ ಹರೂರಿನಲ್ಲಿರಲಿ, ಅನುಮತವೇ.