ಕಿವಿಗೆ ಬಿದ್ದ ಅನ್ಯರ ಮಾತು

ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಗ ಆತ ನನಗೊಂದು ಅಂಗೈಯಗಲದ ರೇಡಿಯೊ ಸ್ಕ್ಯಾನರ್ ಕೊಡಿಸಿದನು. ಮೊದಲ ಸಂಜೆ, 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ವಿಮಾನಚಾಲಕರ ಮಾತು ಕೇಳಿ ಬಾಲಕನಂತೆ ಹಿಗ್ಗಿದೆನು. ಅನಂತರ ಆಂಬುಲೆನ್ಸಿನವರ ದನಿ ಬಂದಿತು: ಹತ್ತಿರದ ಬೀದಿ, ಮನೆಯ ಸಂಖ್ಯೆ, ವೃದ್ಧೆ, ಉಸಿರಾಟ ಕ್ಷೀಣ. ಮರುದಿನ ಜಿನಮಂದಿರದಲ್ಲಿ ಅದನ್ನು ಆಡಿಬಿಟ್ಟೆನು. ಕೇಳುತ್ತಿದ್ದ ಶ್ರಾವಿಕೆಯೊಬ್ಬರ ಮುಖ ಬಿಳಿಚಿತು. ಆ ವೃದ್ಧೆ ಅವರ ಗೆಳತಿ.

ಅನ್ಯರ ರೇಡಿಯೊ ಸಂಭಾಷಣೆಯನ್ನು ಹೊರಗೆಡಹುವುದನ್ನು, ಕೆಲವು ವಿನಾಯಿತಿಗಳೊಡನೆ, ಆ ದೇಶದ 1934ರ ಸಂಪರ್ಕ ಕಾಯಿದೆಯೇ ನಿಷೇಧಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವಂತೂ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ನಾನಾಡಿದ್ದು ಸುಳ್ಳಲ್ಲ, ಆದರೂ ಸತ್ಯವ್ರತಕ್ಕೇ ದೋಷ ತಗುಲಿತು! ಆಡದೆ ಕೇಳಿದ್ದರೆ? ದನಿ ತಾನಾಗಿ ಬಂದಿತೆನ್ನಲೇ? ಗುಂಡಿಯೊತ್ತಿದ ಕೈ ನನ್ನದೇ. ಅಲ್ಲಿದ್ದಷ್ಟು ದಿನವೂ ವಿಮಾನದ ಮಾತನ್ನು ಕೇಳಿದೆನು; ಆಂಬುಲೆನ್ಸಿನ ಚಾನೆಲ್ಲನ್ನು ಮಾತ್ರ ಮಗನಿಂದ ತೆಗೆಸಿಹಾಕಿದೆನು.