ಬಿದಿರಿನ ಕುರ್ಚಿಯೇ ಸಾಕು

ಎರಡು ವರ್ಷ ಇದ್ದು ಹೊರಡುವ ಊರಿನಲ್ಲಿ ಯಾರೂ ತೇಗದ ಮಂಚ ಮಾಡಿಸುವುದಿಲ್ಲ. ಹೋಗುವಾಗ ಬಿಟ್ಟುಹೋದರೂ ಹೊಟ್ಟೆ ಉರಿಯಬಾರದು, ಅಂಥದ್ದನ್ನೇ ನೋಡಿ ಕೊಳ್ಳುತ್ತಾರೆ. ತೈವಾನಿನ ನಿರ್ದೇಶಕ ಹೌ ಶಿಯಾವ್‌ಶಿಯೆನ್ 1985ರಲ್ಲಿ ತಮ್ಮ ಬಾಲ್ಯವನ್ನೇ ಇಟ್ಟುಕೊಂಡು ಒಂದು ಚಿತ್ರ ಮಾಡಿದರು. ಇಂಗ್ಲಿಷಿನಲ್ಲಿ ಅದು 'ಎ ಟೈಮ್ ಟು ಲಿವ್, ಎ ಟೈಮ್ ಟು ಡೈ' ಎಂಬ ಹೆಸರಿನಿಂದ ಪರಿಚಿತ. ಮೊದಲಿಗೆ ಕೇಳಿಸುವ ದನಿಯೂ ಅವರದೇ. ಆ ಚಿತ್ರದ ಮನೆಯಲ್ಲಿ ಇರುವುದೆಲ್ಲ ಅಗ್ಗದ ಬಿದಿರಿನ ಕುರ್ಚಿ, ಮೇಜು.

ಮನೆಯ ಯಜಮಾನ ಮಾತು ಕಡಿಮೆಯ ಮನುಷ್ಯ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದಿಲ್ಲ, ಹತ್ತಿರ ಕರೆದು ಮುದ್ದಿಸಿದ್ದಿಲ್ಲ. ಅಪ್ಪನ ಸ್ವಭಾವವೇ ಹಾಗೆ ಎಂದು ಮಕ್ಕಳೂ ಅವನ ಪಾಡಿಗೆ ಅವನನ್ನು ಬಿಟ್ಟಿದ್ದಾರೆ. ಒಂದು ರಾತ್ರಿ ಕರೆಂಟು ಹೋಗುತ್ತದೆ. ದೀಪ ಬರುವಷ್ಟರಲ್ಲಿ ಅಪ್ಪನ ಪ್ರಾಣ ಹೋಗಿರುತ್ತದೆ. ಅವನು ತನ್ನ ಬದುಕಿನ ಬಗ್ಗೆ ಬರೆದಿಟ್ಟಿದ್ದ ಹಾಳೆಗಳನ್ನು ಮಗಳು ಓದುವುದು ಎಷ್ಟೋ ಕಾಲದ ಮೇಲೆ. ತನಗೆ ಕ್ಷಯ ಇತ್ತು, ಅದು ಮಕ್ಕಳಿಗೆ ತಗಲದಿರಲಿ ಎಂದು ದೂರ ಇದ್ದೆ ಎಂದು ಅವನು ಬರೆದಿರುತ್ತಾನೆ. ಬಿದಿರಿನ ಸಾಮಾನಿನ ಗುಟ್ಟೂ ಅಲ್ಲೇ ಇದೆ. ಕೆಲವು ವರ್ಷ ಇಲ್ಲಿದ್ದು ವಾಪಸು ಹೊರಟೇಬಿಡುತ್ತೇವೆ, ಒಳ್ಳೆಯದನ್ನು ಕೊಂಡು ಮಾಡುವುದೇನು ಎಂಬ ಲೆಕ್ಕ.

ವಾಪಸು ಎಂದರೆ ಸಮುದ್ರದಾಚೆಯ ಚೀನಾಕ್ಕೆ, ಗುವಾಂಗ್‌ಡಾಂಗ್ ಪ್ರಾಂತ್ಯದ ಮೇಯ್‌ಶಿಯೆನ್ನಿಗೆ. ಹೌ ಹುಟ್ಟಿದ್ದು 1947ರಲ್ಲಿ. ಅವರಿನ್ನೂ ಕೈಗೂಸಾಗಿದ್ದಾಗಲೇ ಕುಟುಂಬ ತೈವಾನಿಗೆ ಬಂತು. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈ ಸೇರಿತು. ಸೋತ ಸರ್ಕಾರ, ಸೈನ್ಯ, ನೌಕರರು, ಅವರ ಹೆಂಡಿರು ಮಕ್ಕಳು ಎಲ್ಲರೂ ಈ ದ್ವೀಪಕ್ಕೆ ಬಂದರು, ಹಿಂದಿರುಗುವ ದಾರಿ ಮುಚ್ಚಿತು. ಆ ವರ್ಷ ಹೇರಿದ ಸೇನಾಶಾಸನ ತೆರವಾಗಿದ್ದು 1987ರ ಜುಲೈಯಲ್ಲಿ. ಊರಿನ ನಂಟರನ್ನು ನೋಡಿಬರಲು ಜನರಿಗೆ ಅಪ್ಪಣೆ ಸಿಕ್ಕಿದ್ದು ಅದೇ ನವೆಂಬರಿನಲ್ಲಿ. ಕೆಲವೇ ವರ್ಷ ಎಂದು ಬಂದವರು ಕಾದದ್ದು ನಾಲ್ಕು ದಶಕದ ಹತ್ತಿರ. ಅಷ್ಟರಲ್ಲಿ ಆ ಬಿದಿರಿನ ಕುರ್ಚಿಗಳ ಮೇಲೆಯೇ ಮಕ್ಕಳು ಅಕ್ಷರ ಕಲಿತರು, ಹೋಂವರ್ಕ್ ಮಾಡಿದರು, ಮೀಸೆ ಬರಿಸಿಕೊಂಡರು.

ಈ ಚಿತ್ರದಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಅಜ್ಜಿ. ಮಗನ ಲೆಕ್ಕಾಚಾರ ಅವಳಿಗೆ ಬೇಡ. ಊರು ಇಲ್ಲೇ ಎಲ್ಲೋ ಇದೆ, ನಡೆದರೆ ಸಿಗುತ್ತದೆ ಎಂದು ಕೈಯಲ್ಲೊಂದು ಗಂಟು ಹಿಡಿದು ಹೊರಟೇಬಿಡುತ್ತಾಳೆ. ದಾರಿ ತಪ್ಪುತ್ತಾಳೆ, ಸೈಕಲ್ ರಿಕ್ಷಾದವನು ಮನೆಗೆ ತಂದು ಬಿಡುತ್ತಾನೆ. ಒಂದು ಸಲ ಮೊಮ್ಮಗನನ್ನೂ ಜೊತೆಗೆ ಕರೆದೊಯ್ಯುತ್ತಾಳೆ. ದಾರಿಯಲ್ಲಿ ಐಸು ಮಾರುವ ಅಂಗಡಿಯಲ್ಲಿ ಕೂತು ಮೇಯ್ ನದಿಯ ಸೇತುವೆ ಎಲ್ಲಿ ಬರುತ್ತದೆ ಎಂದು ವಿಚಾರಿಸುತ್ತಾಳೆ. ಅಜ್ಜಿಯದು ಹಕ್ಕಾ ಮಾತು, ಅಂಗಡಿಯವಳದು ಬೇರೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಸೇತುವೆ ಸಿಗಲಿಲ್ಲ, ಸೀಬೆ ಮರ ಸಿಕ್ಕಿತು. ಅಜ್ಜಿ ಮೂರು ಸೀಬೆಕಾಯಿಗಳನ್ನು ಒಂದಾದಮೇಲೊಂದು ಗಾಳಿಗೆಸೆದು ಹಿಡಿಯುತ್ತಾಳೆ, ಹುಡುಗ ನಗುತ್ತಾನೆ. ಚಿತ್ರದಲ್ಲಿ ಇಷ್ಟು ಹಗುರಾದ ಗಳಿಗೆ ಬೇರೊಂದಿಲ್ಲ. ಊರು ಸಿಗದ ದಿನವೇ ಅವಳ ಸುಖದ ದಿನವಾಯಿತು. ಹೌ ಇದನ್ನು ಎತ್ತಿ ತೋರಿಸುವ ಗೋಜಿಗೇ ಹೋಗುವುದಿಲ್ಲ.

ಮುಂದೆ ಅಪ್ಪ ಇಲ್ಲ, ಅಮ್ಮ ಇಲ್ಲ, ಅಜ್ಜಿ ಚಾಪೆ ಹಿಡಿದಿದ್ದಾಳೆ. ಹುಡುಗರಿಗೆ ತಮ್ಮ ತಮ್ಮ ಹರೆಯದ ಗಲಾಟೆ. ಮಲಗಿದ ಅಜ್ಜಿಯ ಕೈಮೇಲೆ ಇರುವೆ ಹರಿದಾಗಲೇ ಅವರಿಗೆ ಅನುಮಾನ. ಹೆಣ ಎತ್ತಲು ಬಂದವನು ಅವಳನ್ನು ಹೊರಳಿಸಿ ನೋಡಿ, ಆಮೇಲೆ ಮೊಮ್ಮಕ್ಕಳ ಕಡೆ ಒಂದು ನೋಟ ಹಾಕುತ್ತಾನೆ. ಆ ನೋಟದಲ್ಲೇ ಅವರಿಗೆ ಸಿಗಬೇಕಾದ ಬೈಗುಳವೆಲ್ಲ ಸಿಕ್ಕಿಬಿಡುತ್ತದೆ. ಕೆಟ್ಟ ಹುಡುಗರೇನಲ್ಲ. ಅಜ್ಜಿ ಇದ್ದೇ ಇರುತ್ತಾಳೆ ಎಂದುಕೊಂಡಿದ್ದರು, ಅಷ್ಟೆ.

ಇಷ್ಟನ್ನೂ ಕ್ಯಾಮೆರಾ ದೂರದಲ್ಲೇ ನಿಂತು ನೋಡುತ್ತದೆ. ಅಳುವವರ ಮುಖಕ್ಕೆ ನುಗ್ಗುವುದಿಲ್ಲ. ಈ ಬಗೆಯ ನೋಟ ಬಂದದ್ದಕ್ಕೂ ಒಂದು ಕಥೆ ಇದೆ. ಲೇಖಕಿ ಚು ತಿಯೆನ್‌ವೆನ್ ಹೌಗೆ ಚೀನಾದ ಬರಹಗಾರ ಶೆನ್ ತ್ಸುಂಗ್‌ವೆನ್ನರ ಆತ್ಮಕಥೆಯನ್ನು ಓದಲು ಕೊಟ್ಟರು. ಸಾವು ನೋವುಗಳನ್ನೂ ಕಿರುಚದೆ, ಮೇಲಿನಿಂದ ನೋಡಿದಂತೆ ಹೇಳುವ ಆ ರೀತಿ ಹೌಗೆ ಹಿಡಿಸಿತು. 1983ರಲ್ಲಿ 'ದಿ ಬಾಯ್ಸ್ ಫ್ರಮ್ ಫೆಂಗ್‌ಕುಯೆಯ್' ಚಿತ್ರೀಕರಣದ ವೇಳೆ ಕ್ಯಾಮೆರಾದವನಿಗೆ ಇನ್ನೂ ಹಿಂದೆ, ಇನ್ನೂ ಹಿಂದೆ ಎನ್ನುತ್ತಿದ್ದರಂತೆ. ಹಿಂದೆ ಸರಿದ ಕಣ್ಣಿಗೆ ಮುಖದ ಜೊತೆ ಹೊಸ್ತಿಲು, ಕುರ್ಚಿ, ಅಂಗಳ ಎಲ್ಲ ಸೇರಿಯೇ ಕಾಣುತ್ತವೆ. ಹಾಗಾಗಿಯೇ ಬಿದಿರಿನ ಕುರ್ಚಿಯನ್ನು ಇಡೀ ಚಿತ್ರ ನೋಡಿಯೂ ನಾವು ನೋಡಿರುವುದಿಲ್ಲ.

ಕಾಯುತ್ತಾ ಕೂತವರ ಬದುಕು ಹೀಗೆ. ಹಾಗಾದರೆ ಯಾವುದಕ್ಕೂ ಕಾಯಬೇಕಿಲ್ಲದವರದು? ಎಡ್ವರ್ಡ್ ಯಾಂಗ್ 2000ದಲ್ಲಿ ಮಾಡಿದ 'ಯಿ ಯಿ' ಚಿತ್ರವನ್ನು ನಾನು ಈ ಪ್ರಶ್ನೆಯ ಜೊತೆಗೇ ನೋಡುತ್ತೇನೆ. ಯಾಂಗ್ ಕೂಡ 1947ರಲ್ಲೇ ಹುಟ್ಟಿದವರು, ಎಂಜಿನಿಯರಿಂಗ್ ಓದಿ ಅಮೆರಿಕದಲ್ಲಿ ಕೆಲಸ ಮಾಡಿ ಸಿನಿಮಾಕ್ಕೆ ಬಂದವರು. ಇಲ್ಲಿ ಬಿದಿರಿನ ಮಾತೇ ಇಲ್ಲ. ತೈಪೇಯಲ್ಲಿ ಸ್ವಂತ ಫ್ಲ್ಯಾಟು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ. ಅಜ್ಜಿ ಕೋಮಾಕ್ಕೆ ಹೋಗುತ್ತಾಳೆ. ದಿನವೂ ಮಾತಾಡಿಸಿ ಎನ್ನುತ್ತಾರೆ ವೈದ್ಯರು. ಮಗಳು ಮಿನ್‌ಮಿನ್ ಅಮ್ಮನ ಹಾಸಿಗೆಯ ಪಕ್ಕ ಕೂತು ಬೆಳಿಗ್ಗೆ ಏನು ಮಾಡಿದೆ, ಮಧ್ಯಾಹ್ನ ಏನು, ರಾತ್ರಿ ಏನು ಎಂದು ಹೇಳಲು ತೊಡಗುತ್ತಾಳೆ. ನಾಲ್ಕು ದಿನಕ್ಕೇ ಗೊತ್ತಾಗುತ್ತದೆ, ದಿನವೂ ಹೇಳುತ್ತಿರುವುದು ಒಂದೇ. ಇಡೀ ದಿನದ ಬಾಳು ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಗಂಡನ ಮುಂದೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅವನಿಗೆ ತೋಚುವುದು ಇಷ್ಟೇ: ನರ್ಸಿಗೆ ಹೇಳಿ ಅತ್ತೆಗೆ ಪೇಪರ್ ಓದಿಸೋಣ.

ಗಂಡಸರ ಈ ಬಗೆಯ ಪರಿಹಾರಕ್ಕೆ ನಗು ಬರುತ್ತದೆ. ಆದರೂ ಅವನನ್ನು ಬೈಯಲು ಮನಸ್ಸಾಗುವುದಿಲ್ಲ, ಅವನ ಸರದಿ ಬಂದಾಗ ಅವನಿಗೂ ಮಾತು ಹೊರಡುವುದಿಲ್ಲ. ಕೇಳಿಸುತ್ತದೋ ಇಲ್ಲವೋ, ನಾನು ಮನಸ್ಸಿಟ್ಟು ಆಡುತ್ತಿದ್ದೇನೋ ಇಲ್ಲವೋ, ಇದು ಪ್ರಾರ್ಥನೆ ಮಾಡಿದ ಹಾಗಿದೆ ಎನ್ನುತ್ತಾನೆ.

ಮಿನ್‌ಮಿನ್ ನೆಮ್ಮದಿ ಹುಡುಕಿಕೊಂಡು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗುತ್ತಾಳೆ. ಗಂಡ ಟೋಕಿಯೋಗೆ ಹೋಗುತ್ತಾನೆ. ಕೆಲಸ ಇದ್ದದ್ದು ನಿಜ, ಹರೆಯದಲ್ಲಿ ತಾನು ಬಿಟ್ಟುಬಂದಿದ್ದ ಹುಡುಗಿ ಅಲ್ಲಿಗೆ ಬಂದದ್ದೂ ನಿಜ. ಇಬ್ಬರೂ ತಿರುಗಿ ಬಂದು ಅದೇ ಮಲಗುವ ಕೋಣೆಯಲ್ಲಿ ಮಾತಿಗೆ ಕೂರುತ್ತಾರೆ. ಬೆಟ್ಟದ ಮೇಲೂ ಅಂಥ ವ್ಯತ್ಯಾಸ ಇರಲಿಲ್ಲ ಎನ್ನುತ್ತಾಳೆ ಇವಳು, ತಾನು ಅಮ್ಮನಿಗೆ ಹೇಳಿದ್ದನ್ನೇ ಹೇಳುತ್ತಿದ್ದ ಹಾಗೆ ಅಲ್ಲಿಯವರು ತನಗೆ ದಿನವೂ ಒಂದೇ ಮಾತು ಹೇಳುತ್ತಿದ್ದರಂತೆ. ಹರೆಯವನ್ನು ಇನ್ನೊಮ್ಮೆ ಬಾಳುವ ಅವಕಾಶ ಸಿಕ್ಕಿತ್ತು, ಮತ್ತೊಂದು ಸಲ ಬೇಕೆನಿಸಲಿಲ್ಲ ಎನ್ನುತ್ತಾನೆ ಅವನು. ಯಾರ ಜೊತೆ ಎಂಬುದನ್ನು ಹೇಳುವುದಿಲ್ಲ. ಅವಳೂ ಕೆದಕುವುದಿಲ್ಲ.