ದಾರಿಯಲ್ಲಿ ಇಬ್ಬರು, ಜೊತೆಗೆ ಇನ್ನೊಬ್ಬರು



ಸಂತ ಲೂಕರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಇಬ್ಬರು ಪ್ರಯಾಣಿಕರು ನಮಗೆ ಸಿಗುತ್ತಾರೆ. ಜೆರುಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಅವರ ಪಯಣ. ಸುಮಾರು 11 ಕಿಲೋಮೀಟರಿನ ಕಾಲ್ನಡಿಗೆ. ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬರ ಹೆಸರನ್ನು ಲೂಕರು ಬರೆದಿಲ್ಲ. ಆ ಇನ್ನೊಬ್ಬರು ಕ್ಲೆಯೋಫನ ಹೆಂಡತಿಯೇ ಇರಬಹುದು ಎಂದು ಭಾವಿಸುವ ವ್ಯಾಖ್ಯಾನಕಾರರೂ ಇದ್ದಾರೆ. ಹಾಗೆಂದುಕೊಂಡು ಆ ಭಾಗವನ್ನು ಒಮ್ಮೆ ಓದಿ ನೋಡಿ. ಮನಸ್ಸು ಮುರಿದ ಗಂಡಹೆಂಡತಿ ಊರ ದಾರಿ ಹಿಡಿದಿದ್ದಾರೆ. ದಾರಿಯಲ್ಲಿ ಪುನರುತ್ಥಾನಗೊಂಡ ಪ್ರಭು ಅಪರಿಚಿತರಂತೆ ಜೊತೆಗೂಡುತ್ತಾರೆ. ಅವರು ಮೊದಲು ಮಾಡಿದ್ದು ಬೋಧನೆಯಲ್ಲ. ನೀವು ಏನು ಮಾತನಾಡುತ್ತಿದ್ದೀರಿ ಎಂದು ಕೇಳಿದರು. ಕೇಳಿ, ಅವರ ದುಃಖದ ಕಥೆಯನ್ನು ಕೊನೆಯವರೆಗೂ ಆಲಿಸಿದರು. ಎಲ್ಲವೂ ಅವರಿಗೆ ಗೊತ್ತಿತ್ತು; ಆದರೂ ಆಲಿಸಿದರು.

ಇಂದು ನಮ್ಮಲ್ಲಿ ಅನೇಕ ದಂಪತಿಗಳು ಮಕ್ಕಳು ದೊಡ್ಡವರಾದ ಮೇಲೆ, ಇಲ್ಲವೇ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಎರಡು ಮೂರು ದಿನದ ಪ್ರವಾಸ ಹೊರಡುತ್ತಾರೆ. ಒಳ್ಳೆಯದು, ಹೊರಡಿ. ಆದರೆ ಒಂದು ಪ್ರಶ್ನೆ. ಮನೆಯಲ್ಲಿ ನಿಮ್ಮ ನಡುವೆ ಇರುವ ಮಾತು ಯಾವುದು? ಗ್ಯಾಸ್ ಬಂತೇ, ಫೀಸು ಕಟ್ಟಿದಿರಾ, ಊಟಕ್ಕೆ ಏನು ಮಾಡಲಿ. ಇಷ್ಟೇ ಮಾತಿನಲ್ಲಿ ವರ್ಷಗಳು ಕಳೆದುಹೋಗುತ್ತವೆ. ಅದೇ ಮೌನವನ್ನು ಕಾರಿನಲ್ಲಿ ಹೇರಿಕೊಂಡು ನೂರಾರು ಮೈಲಿ ಹೋಗಿ, ನಾಲ್ಕು ಫೋಟೋ ತೆಗೆದುಕೊಂಡು, ಅದೇ ಮೌನವನ್ನು ಮನೆಗೆ ತಂದು ಇಳಿಸಿದರೆ ಪ್ರವಾಸದಿಂದ ಏನು ಬಂತು?

ನಮ್ಮ ನಾಡಿನದೇ ಒಂದು ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹಾಸನದಿಂದ ಹೊರಟು ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿ ಇಳಿದು ಕಾರ್ಕಳದ ಅತ್ತೂರಿಗೆ ಹೋಗುವ ದಾರಿ ಅದು.

ಹೊರಡುವ ಮುನ್ನ ಹಾಸನದ ಸಮೀಪದ ಶೆಟ್ಟಿಹಳ್ಳಿಗೆ ಹೋಗಿ ಬನ್ನಿ. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಅಲ್ಲಿದೆ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಊರು ಮುಳುಗಡೆಯಾಯಿತು, ಜನ ಬೇರೆಡೆಗೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ಕಾಣುತ್ತವೆ. ಗೋಡೆಗಳು ಶಿಥಿಲವಾಗಿರುವುದರಿಂದ ದೂರದಿಂದಲೇ ನೋಡಿ. ದೂರದಿಂದ ಎಷ್ಟು ಸುಂದರ! ಆದರೆ ಒಳಗೆ ಪೀಠವಿಲ್ಲ, ದೀಪವಿಲ್ಲ, ಹಾಡಿಲ್ಲ. ಅಲ್ಲಿನ ಜನ ಪ್ರೀತಿ ಕಡಿಮೆಯಾಗಿ ದೇವಾಲಯವನ್ನು ಬಿಟ್ಟವರಲ್ಲ. ಸಾವಿರಾರು ಎಕರೆಗೆ ನೀರು ಸಿಗಲೆಂದು ತಮ್ಮ ಊರನ್ನೇ ಕೊಟ್ಟು, ವಿಶ್ವಾಸವನ್ನು ಜೊತೆಗೆ ಹೊತ್ತುಕೊಂಡು ಹೋದವರು. ಅವರಿಗೆ ಗೌರವ ಸಲ್ಲಲಿ.

ಆದರೆ ಆ ಗೋಡೆಗಳ ಮುಂದೆ ನಿಂತಾಗ ನಮ್ಮ ಮನೆಗಳ ನೆನಪಾಗದೆ ಇರದು. ಕುಟುಂಬವನ್ನು ಪುಟ್ಟ ಧರ್ಮಸಭೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕರೆಯಿತು. ಆ ಪುಟ್ಟ ಧರ್ಮಸಭೆಯೂ ಹೊರಗಿನಿಂದ ನೋಡುವವರಿಗೆ ಸುಂದರವಾಗಿಯೇ ಇರಬಹುದು. ಭಾನುವಾರ ಗಂಡಹೆಂಡತಿ ಒಟ್ಟಿಗೆ ಪೂಜೆಗೆ ಬರುತ್ತಾರೆ, ಹಬ್ಬದ ಫೋಟೋದಲ್ಲಿ ನಗುತ್ತಾರೆ. ಒಳಗೆ ಮಾತು ನಿಂತು ಎಷ್ಟು ಕಾಲವಾಯಿತೋ! ಜಲಾಶಯದ ನೀರು ಒಂದೇ ರಾತ್ರಿಯಲ್ಲಿ ತುಂಬುವುದಿಲ್ಲ. ಇಂಚು ಇಂಚಾಗಿ ಏರುತ್ತದೆ. ಮೌನವೂ ಹಾಗೆಯೇ. ಇವತ್ತು ಬೇಡ, ನಾಳೆ ಹೇಳೋಣ ಎಂದು ಬಿಟ್ಟ ಒಂದೊಂದು ಮಾತೂ ಒಂದೊಂದು ಇಂಚು ನೀರು.

ಬೇಲೂರು ದಾಟಿ ಮೂಡಿಗೆರೆಯ ಕಡೆ ಹೋದಂತೆ ಕಾಫಿ ತೋಟಗಳು ದಾರಿಯ ಎರಡೂ ಬದಿಗೆ ಬರುತ್ತವೆ. ಹೂವಿನ ಕಾಲವಾದರೆ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಕಾರಿನೊಳಕ್ಕೂ ಬರುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ತೋಟದವರನ್ನು ಕೇಳಿ. ಕಾಫಿಯ ಮೊಗ್ಗು ಒಣಗಾಲವಿಡೀ ಗಿಡದಲ್ಲೇ ನಿದ್ರಿಸುತ್ತಿರುತ್ತದೆ. ಸುಮಾರು ಒಂದು ಇಂಚಿನಷ್ಟು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಅದನ್ನೇ ಹೂಮಳೆ ಎನ್ನುತ್ತಾರೆ. ಆದರೆ ಬೆಳೆಗಾರರು ಅಷ್ಟಕ್ಕೇ ನೆಮ್ಮದಿಯಾಗಿ ಮಲಗುವುದಿಲ್ಲ. ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬರಬೇಕು. ಅದಕ್ಕೆ ಅವರು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಅದು ಬಾರದಿದ್ದರೆ ಹೂವು ಎಷ್ಟೇ ಅರಳಿದ್ದರೂ ಕಾಯಿ ಸರಿಯಾಗಿ ಕಚ್ಚುವುದಿಲ್ಲ.

ಪ್ರಿಯರೇ, ನಿಮ್ಮ ದಾಂಪತ್ಯದಲ್ಲಿ ಪ್ರೀತಿ ಸತ್ತಿದೆ ಎಂದು ಬೇಗನೆ ತೀರ್ಮಾನಿಸಬೇಡಿ. ಮೊಗ್ಗು ನಿದ್ರಿಸುತ್ತಿರಬಹುದು. ಒಂದು ಪ್ರಶ್ನೆ ಕೇಳಿ: ಈ ವರ್ಷಗಳಲ್ಲಿ ನನಗೆ ಹೇಳಬೇಕೆಂದುಕೊಂಡು ಹೇಳದೆ ಉಳಿಸಿಕೊಂಡದ್ದು ಏನಾದರೂ ಇದೆಯೇ? ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಐದು ಮೈಲಿ ಬೇಕಾಗಬಹುದು, ಐವತ್ತೂ ಬೇಕಾಗಬಹುದು. ಬಂದ ಉತ್ತರ ಕಹಿಯಾಗಿದ್ದರೆ ತಕ್ಷಣ ಸಮರ್ಥನೆಗೆ ಇಳಿಯಬೇಡಿ. ಕಾರಿನಲ್ಲಿ ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಕುಳಿತಿರುತ್ತೀರಿ. ಎದುರಾಎದುರು ಕುಳಿತರೆ ಬಾಯಿಗೆ ಬಾರದ ಮಾತು ಹಾಗೆ ಕುಳಿತಾಗ ಬರುವುದುಂಟು. ವಿಶ್ವಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ ದಂಪತಿಗಳಿಗೆ ಹೇಳಿದ್ದು ಇದನ್ನೇ: ಸಮಯ ಕೊಡಬೇಕು, ಇನ್ನೊಬ್ಬರು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ತಾಳ್ಮೆಯಿಂದ ಆಲಿಸಬೇಕು. ಆದರೆ ಪ್ರವಾಸದ ಒಂದು ಮಾತುಕತೆ ಹೂಮಳೆ ಮಾತ್ರ. ಮನೆಗೆ ಬಂದ ಮೇಲೆ, ಕೆಲವು ವಾರಗಳೊಳಗೆ, ಇನ್ನೊಮ್ಮೆ ಕುಳಿತು ಮಾತನಾಡದಿದ್ದರೆ ಅರಳಿದ್ದೆಲ್ಲ ಉದುರಿಹೋಗುತ್ತದೆ.

ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಿರಿ. ಘಾಟಿಯಲ್ಲಿ ಹಳೆಯ ಲೆಕ್ಕ ತೆಗೆಯಬೇಡಿ! ಅಲ್ಲಿ ಮಂಜು, ತಿರುವು, ಎದುರಿನ ವಾಹನ. 2019ರ ಆಗಸ್ಟಿನಲ್ಲಿ ಇಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ದಾರಿಯೇ ಮುಚ್ಚಿತ್ತು. ಒಬ್ಬರು ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬರು ಕಣ್ಣಾಗಿರಬೇಕು. ಸಂಸಾರದಲ್ಲೂ ಕಾಯಿಲೆ, ಸಾಲ, ಮಕ್ಕಳ ಚಿಂತೆಯ ತಿರುವುಗಳಲ್ಲಿ ತಪ್ಪು ಹುಡುಕುವ ಕೆಲಸ ಬೇಡ. ಮೊದಲು ಇಬ್ಬರೂ ಸೇರಿ ಕೆಳಗೆ ಇಳಿಯಿರಿ.

ಉಜಿರೆ, ಬೆಳ್ತಂಗಡಿ ದಾಟಿ ಕಾರ್ಕಳದ ಅತ್ತೂರಿಗೆ ಬಂದರೆ ಸಂತ ಲಾರೆನ್ಸರ ಪುಣ್ಯಕ್ಷೇತ್ರ. 2016ರಲ್ಲಿ ಅದು ಮೈನರ್ ಬಸಿಲಿಕ ಎಂಬ ಗೌರವಕ್ಕೆ ಪಾತ್ರವಾಯಿತು. ಕ್ರಿ.ಶ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಲಾರೆನ್ಸರನ್ನು ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದಾಗ, ಅವರು ಬಡವರನ್ನೂ ರೋಗಿಗಳನ್ನೂ ಕರೆತಂದು ತೋರಿಸಿದರು ಎಂಬುದು ಪರಂಪರೆ. ಅಲ್ಲಿ ಇಬ್ಬರೂ ಸೇರಿ ಒಂದೇ ಮೇಣದಬತ್ತಿ ಹಚ್ಚಿರಿ. ನಿಮ್ಮ ಸಂಪತ್ತು ಯಾವುದೆಂದು ಪ್ರಭು ಕೇಳಿದರೆ, ಪಕ್ಕದಲ್ಲಿ ನಿಂತವರನ್ನು ತೋರಿಸಲು ನಿಮಗೆ ಮನಸ್ಸು ಬರುತ್ತದೆಯೇ?

ಕಾರಿಲ್ಲ ಎನ್ನುವವರು ಬಸ್ಸಿನಲ್ಲಿ ಹೋಗಬಹುದು. ಅದೂ ಆಗದವರಿಗೆ ಸಂಜೆ ಊರ ಕೆರೆಯ ಏರಿಯ ಮೇಲೆ ಒಂದು ಮೈಲಿಯ ನಡಿಗೆ ಸಾಕು. ಎಮ್ಮಾವಿನವರ ಬಳಿ ಗಾಡಿಯಿರಲಿಲ್ಲ. ಸಂಗಾತಿಯನ್ನು ಕಳೆದುಕೊಂಡವರೇ, ನಿಮ್ಮ ಪಕ್ಕದ ಜಾಗ ಬರಿದಾಗಿರಬಹುದು. ಆ ದಾರಿಯ ಜೊತೆಗಾರರು ನಿಮ್ಮನ್ನು ಬಿಟ್ಟಿಲ್ಲ.

ಕೊನೆಗೊಂದು ಮಾತು. ಎಮ್ಮಾವಿನಲ್ಲಿ ರೊಟ್ಟಿ ಮುರಿಯುವಾಗ ಆ ಇಬ್ಬರಿಗೂ ಪ್ರಭುವಿನ ಗುರುತಾಯಿತು. ಆ ಗಳಿಗೆಯಲ್ಲೇ ಎದ್ದು ಜೆರುಸಲೇಮಿಗೆ ಹಿಂದಿರುಗಿದರು. ದೂರ ಅಷ್ಟೇ, ದಾರಿ ಅದೇ, ಮೇಲಾಗಿ ಕತ್ತಲೆ. ನಡೆಯುವವರು ಮಾತ್ರ ಬದಲಾಗಿದ್ದರು. ನೀವೂ ಹೊರಟ ಮನೆಗೇ ಹಿಂದಿರುಗುತ್ತೀರಿ. ಅದೇ ಅಡಿಗೆಮನೆ, ಅದೇ ಸಾಲದ ಕಂತು, ಅದೇ ಸೋಮವಾರ. ಬೀಗ ತೆಗೆಯುವ ಮುನ್ನ ಬಾಗಿಲ ಬಳಿ ಒಂದು ಕ್ಷಣ ನಿಂತು, ಇಬ್ಬರೂ ಸೇರಿ ಪ್ರಾರ್ಥಿಸಿ: ಪ್ರಭುವೇ, ಹೊತ್ತು ಇಳಿಯುತ್ತಿದೆ, ನಮ್ಮ ಮನೆಯೊಳಕ್ಕೂ ಬನ್ನಿ. ಕರೆದ ಮನೆಗೆ ಅವರು ಬಾರದೆ ಇರುವುದಿಲ್ಲ. ಆಮೆನ್.